ಚುನಾವಣೆ ಕಾಲದ ರೀಲ್ಸ್: ಒಂದೇ ಭಾಷಣ ಇಬ್ಬರಿಗೆ ಎರಡಾಗಿ ಕಾಣುವುದು ಹೇಗೆ?

ಪ್ರಶ್ನೆ ಕೇಳಿದವರು: ಜಯನಗರದ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಕಾಲೇಜಿನ ಮತದಾರರ ಸಾಕ್ಷರತಾ ಸಂಘದ ಜವಾಬ್ದಾರಿಯೂ ನನ್ನದೇ ಆಗಿರುವುದರಿಂದ, ಮೊದಲ ಬಾರಿಗೆ ಮತ ಹಾಕಲಿರುವ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಾಗಾರ ರೂಪಿಸುತ್ತಿದ್ದೇನೆ. ಬೆಂಗಳೂರು ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದಾಗ ಈ ಮಕ್ಕಳು ಇನ್ನೂ ಶಾಲೆಯಲ್ಲಿದ್ದರು, ಆಮೇಲೆ ವರ್ಷಗಟ್ಟಲೆ ಪಾಲಿಕೆ ಚುನಾವಣೆ ನಡೆಯಲೇ ಇಲ್ಲ. ಅದೇ ವರ್ಷದ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಅದರ ಬೆನ್ನಿಗೇ ಇನ್‌ಸ್ಟಾಗ್ರಾಂ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್, ನಮ್ಮ ಊರಿನ ಕಂಪನಿಗಳದೇ ಆದ ಮೋಜ್ ಮತ್ತು ಜೋಶ್ ಬಂದವು. ಹೀಗಾಗಿ ಕಾರ್ಪೊರೇಟರ್ ಮನೆಯ ಮುಂದೆ ನೀರಿಗಾಗಿಯೋ ಚರಂಡಿಗಾಗಿಯೋ ಜಗಳವಾಡುವ ರಾಜಕೀಯವನ್ನು ಈ ಮಕ್ಕಳು ಹೆಚ್ಚು ಕಂಡಿಲ್ಲ. ಅವರು ಕಂಡ ರಾಜಕೀಯವೆಲ್ಲ ಬಹುತೇಕ ಫೋನಿನಲ್ಲೇ ನಡೆದದ್ದು.

ಕಾರ್ಯಾಗಾರದ ಸಿದ್ಧತೆಗೆಂದು, 2024ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಉಳಿಸಿಕೊಂಡ ಕಿರು ವಿಡಿಯೊಗಳಿದ್ದರೆ ತನ್ನಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವ ಇಬ್ಬರು ಒಬ್ಬರೇ ನಾಯಕರ ಒಂದೇ ಭಾಷಣದ ತುಣುಕನ್ನು ತಂದಿದ್ದರು. ಒಂದರಲ್ಲಿ ಆ ನಾಯಕರು ಸಂಜೆಯ ಬಿಸಿಲಿನಲ್ಲಿ, ಕೆಳಗಿನಿಂದ ಚಿತ್ರಿಸಿದ ಎತ್ತರದ ಆಕೃತಿಯಾಗಿ, ನಿಧಾನಗತಿಯಲ್ಲಿ ಕೈಯೆತ್ತುತ್ತಾರೆ. ಇನ್ನೊಂದರಲ್ಲಿ ಅದೇ ಮುಖ ಬಣ್ಣ ಕಳೆದುಕೊಂಡು, ಕಣ್ಣು ಅರ್ಧ ಮುಚ್ಚಿ, ಬಾಯಿ ತೆರೆದ ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಮೇಲೆ ಕೆಂಪು ಪಟ್ಟಿ, ಹಿಂದೆ ಸೈರನ್ನಿನಂಥ ಸದ್ದು. ಎರಡರಲ್ಲೂ ಮಾತು ಒಂದೇ, ಅಕ್ಷರವೂ ಬದಲಾಗಿಲ್ಲ. ಸತ್ಯಾಸತ್ಯ ಪರಿಶೀಲನೆ ಮಾಡುವವರ ಮುಂದೆ ಇಟ್ಟರೆ ಎರಡೂ ನಿಜವಾದ ವಿಡಿಯೊ ಎಂದೇ ಹೇಳಬೇಕಾಗುತ್ತದೆ.

ನನ್ನನ್ನು ಕಾಡಿದ್ದು ಆಮೇಲೆ ನಡೆದ ಚರ್ಚೆ. ಆ ನಾಯಕರ ಮಾತು ಸರಿಯೋ ತಪ್ಪೋ ಎಂಬುದರ ಬಗ್ಗೆ ಇಬ್ಬರೂ ಮಾತಾಡಲೇ ಇಲ್ಲ. ವಿಡಿಯೊದ ಕೊನೆಯಲ್ಲಿ ಮಿಂಚಿ ಮಾಯವಾದ ಜನಸಮೂಹದ ಬಗ್ಗೆ, ಅವರ ಉಡುಪಿನ ಬಗ್ಗೆ, ‘ಆ ಕಡೆಯ ಜನ ಇರುವುದೇ ಹಾಗೆ’ ಎಂಬ ಬಗ್ಗೆ ಮಾತು ಹೋಯಿತು. ತರಗತಿಯಲ್ಲಿ ‘ಆ ಕಡೆಯ ಜನ’ ಕೂಡ ಕುಳಿತಿದ್ದರು.

ಬಲ್ಲವರು ದಯವಿಟ್ಟು ತಿಳಿಸಬೇಕು. ಸುಳ್ಳಿಲ್ಲದೆಯೂ ದೃಶ್ಯವೊಂದು ಜನರನ್ನು ಎರಡು ಪಾಳೆಯವಾಗಿ ಒಡೆಯುವ ಈ ಕೆಲಸ ಹೇಗೆ ನಡೆಯುತ್ತದೆ? ಇದರ ಪರಿಣಾಮ ನಿಜಕ್ಕೂ ಎಷ್ಟು? ಯಾವ ಪಕ್ಷದ ಪರವೂ ವಾಲದೆ ಇದನ್ನು ತರಗತಿಯಲ್ಲಿ ತೋರಿಸಿಕೊಡಲು ಸಾಧ್ಯವೇ?

ಉತ್ತರ: ರಾಜಾಜಿನಗರದ ಎಡಿಟರ್

ಮೇಡಂ, ನಾನು ಒಂದು ಸಣ್ಣ ಸ್ಟುಡಿಯೊದಲ್ಲಿ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಮದುವೆ ಮತ್ತು ಶಾಲಾ ಸಮಾರಂಭಗಳ ನಡುವೆ ಚುನಾವಣೆ ಬಂದಾಗ ಅಭ್ಯರ್ಥಿಗಳ ಕೆಲಸವೂ ಬರುತ್ತದೆ. ಬೇರೆ ಬೇರೆ ಪಕ್ಷಗಳಿಗೆ ಕೆಲಸ ಮಾಡಿರುವುದರಿಂದ ಯಾರ ಹೆಸರನ್ನೂ ಎತ್ತದೆ, ಮೇಜಿನ ಮೇಲೆ ಏನು ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹುಪಾಲು ಅಲ್ಲೇ ಇದೆ.

ಮೊದಲು ನಡೆಯುವುದು ಚೌಕಟ್ಟನ್ನು ಕತ್ತರಿಸುವ ಕೆಲಸ. ಸಭೆಗಳನ್ನು ಚಿತ್ರೀಕರಿಸುವ ಕ್ಯಾಮೆರಾ ಅಡ್ಡ ಚೌಕಟ್ಟಿನದು: ಅಗಲ 1920 ಪಿಕ್ಸೆಲ್, ಎತ್ತರ 1080. ಅದನ್ನು ಫೋನಿನ ಉದ್ದ ಚೌಕಟ್ಟಿಗೆ, ಅಂದರೆ ಒಂಬತ್ತಕ್ಕೆ ಹದಿನಾರರ ಅಳತೆಗೆ ಇಳಿಸಿದಾಗ, ಎತ್ತರವನ್ನು ಪೂರ್ತಿ ಉಳಿಸಿಕೊಂಡರೆ ಅಗಲದಲ್ಲಿ ಸುಮಾರು 607 ಪಿಕ್ಸೆಲ್ ಮಾತ್ರ ಸಿಗುತ್ತದೆ. ಚಿತ್ರದ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಹೊರಗೆ ಹೋಯಿತು. ಹೋದದ್ದರಲ್ಲಿ ಏನಿತ್ತು? ವೇದಿಕೆಯ ಮೇಲೆ ಪಕ್ಕದಲ್ಲಿ ಕುಳಿತವರು, ಎದುರು ಪಕ್ಷದವರಾದರೂ ನಗುತ್ತಾ ಕೇಳುತ್ತಿದ್ದ ಒಬ್ಬರು, ಖಾಲಿ ಕುರ್ಚಿಗಳು, ಹಿಂದಿನ ಬ್ಯಾನರ್‌ನಲ್ಲಿದ್ದ ಊರು ಮತ್ತು ತಾರೀಖು. ಉಳಿದದ್ದು ಮುಖ ಒಂದೇ. ಇದರಲ್ಲಿ ಯಾರ ಕುತಂತ್ರವೂ ಇರಬೇಕಾಗಿಲ್ಲ, ಫೋನಿನ ಆಕಾರವೇ ಅದನ್ನು ಮಾಡಿಸುತ್ತದೆ. ಆದರೆ ಮನುಷ್ಯನನ್ನು ಅವನ ನೆರೆಹೊರೆಯಿಂದ ಬಿಡಿಸಿ ತೋರಿಸುವ ಕೆಲಸ ಅಲ್ಲಿಗೆ ಅರ್ಧ ಮುಗಿದಿರುತ್ತದೆ.

ಎರಡನೆಯದು ನಿಲ್ಲಿಸುವ ಕ್ಷಣದ ಆಯ್ಕೆ. ಸೆಕೆಂಡಿಗೆ 25 ಚಿತ್ರಗಳಂತೆ ಹತ್ತು ನಿಮಿಷದ ಭಾಷಣದಲ್ಲಿ 15,000 ಚಿತ್ರಗಳಿರುತ್ತವೆ. ಭೂಮಿಯ ಮೇಲಿನ ಯಾವ ಮನುಷ್ಯ ಮಾತನಾಡುವಾಗಲೂ ಅಷ್ಟು ಚಿತ್ರಗಳಲ್ಲಿ ಒಂದಾದರೂ ಕ್ರೂರವಾಗಿ, ಒಂದಾದರೂ ಪೆದ್ದಾಗಿ, ಒಂದಾದರೂ ದೈವಿಕವಾಗಿ ಕಾಣಿಸುತ್ತದೆ. ಬೇಕಾದದ್ದನ್ನು ಆರಿಸಿ ಅರ್ಧ ಸೆಕೆಂಡು ನಿಲ್ಲಿಸಿದರೆ ನೋಡುವವರ ನೆನಪಿನಲ್ಲಿ ಉಳಿಯುವುದು ಅದೇ. ನಿಮ್ಮ ವಿದ್ಯಾರ್ಥಿಯ ವಿಡಿಯೊದಲ್ಲಿ ಆಗಿರುವುದು ಇದು.

ನಂತರ ಬಣ್ಣ. ನಮ್ಮವರಿಗೆ ಹೊಂಬಣ್ಣ, ಎದುರಾಳಿಗೆ ನೀಲಿ ಹಸಿರಿನ ನೆರಳು ಮತ್ತು ಅಂಚುಗಳಲ್ಲಿ ಕತ್ತಲು. ಒಂದೇ ಮುಖವನ್ನು ಹೀಗೆ ಎರಡು ರೀತಿ ಮಾಡಲು ಐದು ನಿಮಿಷ ಸಾಕು, ಸಿದ್ಧ ಫಿಲ್ಟರ್‌ಗಳಿವೆ. ಸಂಗೀತವೂ ಅಷ್ಟೆ.

ಆದರೆ ಎಲ್ಲಕ್ಕಿಂತ ಬಲವಾದದ್ದು ಪಕ್ಕದ ಶಾಟ್. ಸೋವಿಯತ್ ನಿರ್ದೇಶಕ ಲೆವ್ ಕುಲೆಶೊವ್ ನೂರು ವರ್ಷಗಳ ಹಿಂದೆಯೇ ಇದನ್ನು ತೋರಿಸಿಕೊಟ್ಟಿದ್ದರು: ನಟನೊಬ್ಬನ ಭಾವರಹಿತ ಮುಖದ ಮುಂದೆ ಒಮ್ಮೆ ಸೂಪಿನ ಬಟ್ಟಲು, ಇನ್ನೊಮ್ಮೆ ಶವಪೆಟ್ಟಿಗೆ ಜೋಡಿಸಿದಾಗ, ನೋಡುವವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಇನ್ನೊಮ್ಮೆ ದುಃಖ ಕಂಡಿತು. ಚುನಾವಣೆಯ ರೀಲ್ಸ್‌ನಲ್ಲಿ ನಾಯಕರ ಮುಖದ ನಂತರ ಒಂದು ಸೆಕೆಂಡಿನ ಗುಂಪಿನ ದೃಶ್ಯ ಬರುತ್ತದೆ. ಆ ಗುಂಪು ಯಾವ ಊರಿನದು, ಯಾವ ವರ್ಷದ್ದು ಎಂದು ಕೇಳುವಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಶಾಲುಗಳೇ ಸಾಕು. ಕೇಸರಿ ಶಾಲು, ನೀಲಿ ಶಾಲು, ರೈತರ ಹಸಿರು ಶಾಲು, ಕನ್ನಡ ಸಂಘಟನೆಗಳ ಹಳದಿ ಕೆಂಪು ಶಾಲು, ಇನ್ನೊಂದೆಡೆ ಬಿಳಿ ಟೋಪಿ, ಕಪ್ಪು ಬುರ್ಖಾ. ಬಣ್ಣ ಕಂಡ ಕೂಡಲೇ ನೋಡುವವರು ಮಾತು ಕೇಳುವ ಮೊದಲೇ ತೀರ್ಮಾನಕ್ಕೆ ಬಂದಿರುತ್ತಾರೆ. ಗ್ರಾಹಕರು ‘ಹೇಳುವುದು ಏನೂ ಬೇಡ, ಜನ ಕಾಣಿಸಿದರೆ ಸಾಕು’ ಎಂದು ಸ್ಪಷ್ಟವಾಗಿಯೇ ಹೇಳುತ್ತಾರೆ. ಹೇಳಿದರೆ ದೂರು ಬರುತ್ತದೆ, ತೋರಿಸಿದರೆ ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಹೀಗೆ ಮಾಡುವುದಕ್ಕೆ ಕಾರಣವೂ ಇದೆ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಬೆರಳು ನಿಲ್ಲದಿದ್ದರೆ ವಿಡಿಯೊ ಸತ್ತಂತೆ. ಎಷ್ಟು ಹೊತ್ತು ನೋಡಿದರು, ಲೈಕ್ ಕೊಟ್ಟರೇ, ಇನ್ನೊಬ್ಬರಿಗೆ ಕಳುಹಿಸಿದರೇ ಎಂಬುದೇ ಮುಖ್ಯ ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ ಬಹಿರಂಗವಾಗಿಯೇ ಹೇಳಿದ್ದಾರೆ. ರಸ್ತೆ ಗುಂಡಿ ಮುಚ್ಚಿಸಿದ ವಿಡಿಯೊಗೆ ಬೆರಳು ನಿಲ್ಲುವುದಿಲ್ಲ. ಭಯವಾದರೆ, ಸಿಟ್ಟು ಬಂದರೆ ನಿಲ್ಲುತ್ತದೆ. ನಾವು ಒಳ್ಳೆಯ ಕೆಲಸದ ವಿಡಿಯೊ ಮಾಡಿ ಕೊಟ್ಟಾಗಲೂ ‘ಓಡುತ್ತಿಲ್ಲ’ ಎಂದು ವಾಪಸು ಬರುತ್ತದೆ, ಮತ್ತೆ ಎದುರಾಳಿಯ ಮುಖ ಸೇರಿಸಿ ಕೊಡಬೇಕಾಗುತ್ತದೆ.

ಉತ್ತರ: ಮಲ್ಲೇಶ್ವರದ ಹಿರಿಯ ಓದುಗ

ಎಡಿಟರ್ ಅವರ ವಿವರಣೆ ಉಪಯುಕ್ತವಾಗಿದೆ, ಆದರೂ ಒಂದು ಆಕ್ಷೇಪವನ್ನು ಮುಂದಿಡಬೇಕೆನಿಸುತ್ತದೆ. ಚಿತ್ರದ ಮೂಲಕ ಎದುರಾಳಿಯನ್ನು ಕುಗ್ಗಿಸುವುದು ಕರ್ನಾಟಕಕ್ಕೆ ಹೊಸದೇನಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಸಿಂಹಿಣಿಯೆಂದೂ ಎದುರಾಳಿಗಳನ್ನು ನೂರು ಲಂಗೂರಗಳೆಂದೂ ಕರೆದ ಘೋಷಣೆ ದೇಶವೆಲ್ಲ ಓಡಾಡಿತು. ಕಟೌಟ್, ಗೋಡೆಬರಹ, ವ್ಯಂಗ್ಯಚಿತ್ರಗಳನ್ನು ನಾವು ದಶಕಗಳ ಕಾಲ ನೋಡಿದ್ದೇವೆ. ತೀರಾ ಇತ್ತೀಚೆಗೆ, 2022ರ ಸೆಪ್ಟೆಂಬರ್‌ನಲ್ಲಿ, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವನ್ನು ಕ್ಯೂಆರ್ ಕೋಡ್ ನಡುವೆ ಇಟ್ಟ ಪೇಟಿಎಂ ಹೆಸರನ್ನು ಅಣಕಿಸಿ ಲಂಚದ ಆರೋಪ ಹೊರಿಸುವ ‘ಪೇಸಿಎಂ’ ಪೋಸ್ಟರ್‌ಗಳನ್ನು ಕಾಂಗ್ರೆಸ್ ಇದೇ ಬೆಂಗಳೂರಿನ ಗೋಡೆಗಳ ಮೇಲೆ ಅಂಟಿಸಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಕ್ಕೆ ಕೊಟ್ಟದ್ದು ಖಾಲಿ ಚೊಂಬು ಎಂದು ಪತ್ರಿಕೆಗಳಲ್ಲಿ ಕಾಂಗ್ರೆಸ್ ಜಾಹೀರಾತು ಬಂತು. ದೇವೇಗೌಡರು ಅದನ್ನು ಅಕ್ಷಯಪಾತ್ರೆ ಎಂದು ತಿರುಗಿಸಿದರು. ಇವೆಲ್ಲವೂ ದೃಶ್ಯಗಳೇ, ಇವೆಲ್ಲವೂ ಪರ ವಿರೋಧವನ್ನು ಹುಟ್ಟಿಸಿದವು. ಹಾಗಿರುವಾಗ ರೀಲ್ಸ್ ಒಂದನ್ನೇ ದೂರುವುದು ಎಷ್ಟು ಸರಿ? ಜನರು ಅಷ್ಟು ಸುಲಭವಾಗಿ ಮೋಸ ಹೋಗುತ್ತಾರೆಂದು ನಂಬುವುದು ಮತದಾರರಿಗೆ ಮಾಡುವ ಅವಮಾನವಲ್ಲವೇ?

ಉತ್ತರ: ನಾಗರಭಾವಿಯ ಸಂಶೋಧಕಿ

ಹಿರಿಯರ ಆಕ್ಷೇಪಕ್ಕೆ ಗಂಭೀರವಾದ ಉತ್ತರ ಸಲ್ಲಬೇಕು, ಏಕೆಂದರೆ ಅದರ ಎರಡನೆಯ ಭಾಗವನ್ನು ಸಂಶೋಧನೆಯೇ ಬೆಂಬಲಿಸುತ್ತದೆ. ವಿಡಿಯೊ ಮನಸ್ಸನ್ನು ಬದಲಿಸುವುದರಲ್ಲಿ ಬರಹಕ್ಕಿಂತ ಬಹಳ ಮುಂದಿದೆ ಎಂಬ ನಂಬಿಕೆ ಪ್ರಯೋಗಗಳಲ್ಲಿ ನಿಂತಿಲ್ಲ. ಅಮೆರಿಕದಲ್ಲಿ ಕ್ಲೋಯಿ ವಿಟೆನ್‌ಬರ್ಗ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ವಿಷಯವನ್ನು ಓದಿದವರಿಗಿಂತ ವಿಡಿಯೊದಲ್ಲಿ ನೋಡಿದವರು ಅದು ನಿಜವಾಗಿ ನಡೆದದ್ದೆಂದು ಹೆಚ್ಚು ನಂಬಿದರು, ಆದರೆ ಅವರ ಅಭಿಪ್ರಾಯ ಬದಲಾದ ಪ್ರಮಾಣದಲ್ಲಿ ವ್ಯತ್ಯಾಸ ಸಣ್ಣದಾಗಿತ್ತು. 2020ರ ಅಮೆರಿಕ ಚುನಾವಣೆಯ ವೇಳೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಬಳಕೆದಾರರ ಫೀಡನ್ನು ಮೂರು ತಿಂಗಳು ಕಾಲಾನುಕ್ರಮಕ್ಕೆ, ಅಂದರೆ ಆ್ಯಪ್ ಆರಿಸಿದ ಕ್ರಮದ ಬದಲು ಹೊಸ ಪೋಸ್ಟ್ ಮೊದಲು ಬರುವಂತೆ, ಬದಲಿಸಿ ನೋಡಿದ ದೊಡ್ಡ ಪ್ರಯೋಗವೊಂದು 2023ರಲ್ಲಿ ಪ್ರಕಟವಾಯಿತು. ಅದರಲ್ಲೂ ಜನರ ರಾಜಕೀಯ ನಿಲುವುಗಳಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ‘ರೀಲ್ಸ್ ನೋಡಿ ಮತ ಬದಲಾಯಿತು’ ಎಂಬ ಸರಳ ಕಥೆಯನ್ನು ನಾವು ಕೈಬಿಡಬೇಕು.

ಹಾಗಾದರೆ ಬದಲಾಗುವುದು ಏನು? ಶಾಂತೊ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಎತ್ತಿ ತೋರಿಸಿದ ಒಂದು ಅಂಶ ಇಲ್ಲಿ ಮುಖ್ಯ. ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂದು 1960ರಲ್ಲಿ ಅಮೆರಿಕನ್ನರನ್ನು ಕೇಳಿದಾಗ ಹೌದೆಂದವರು ನೂರಕ್ಕೆ ನಾಲ್ಕೈದು ಮಂದಿ. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದರಷ್ಟು ಜನ ಹಾಗೆಂದರು. ತೆರಿಗೆ, ವಿಮೆ ಮುಂತಾದ ವಿಷಯಗಳಲ್ಲಿನ ಭಿನ್ನಾಭಿಪ್ರಾಯಕ್ಕಿಂತ ವೇಗವಾಗಿ ಬೆಳೆದದ್ದು ಎದುರಿನ ಮನುಷ್ಯನ ಮೇಲಿನ ಅಸಹನೆ. ಟ್ವಿಟರ್ ಮತ್ತು ಫೇಸ್‌ಬುಕ್ ಪೋಸ್ಟ್‌ಗಳನ್ನು ಪರಿಶೀಲಿಸಿದ ಸ್ಟೀವ್ ರಾಥ್ಯೆ ಮತ್ತು ಸಂಗಡಿಗರ 2021ರ ಅಧ್ಯಯನ ಇನ್ನೊಂದು ಕೊಂಡಿಯನ್ನು ತೋರಿಸುತ್ತದೆ: ಎದುರು ಗುಂಪನ್ನು ಹೆಸರಿಸುವ ಪ್ರತಿಯೊಂದು ಪದವೂ ಪೋಸ್ಟ್ ಹಂಚಿಕೆಯಾಗುವ ಸಂಭವವನ್ನು ಶೇ 67ರಷ್ಟು ಹೆಚ್ಚಿಸುತ್ತಿತ್ತು. ಎಡಿಟರ್ ಅವರ ಗ್ರಾಹಕರು ‘ಎದುರಾಳಿಯ ಮುಖ ಸೇರಿಸಿ’ ಎಂದು ಕೇಳುವುದರ ಹಿಂದಿನ ಲೆಕ್ಕಾಚಾರ ಇದೇ.

ಆದರೆ ಅಮೆರಿಕದ ಅಳತೆಗೋಲನ್ನು ಕರ್ನಾಟಕಕ್ಕೆ ಹಾಗೆಯೇ ತಂದಿಡಲು ನಾನು ಒಪ್ಪುವುದಿಲ್ಲ. ಅಲ್ಲಿ ಒಡಕು ಪಕ್ಷದ ಗೆರೆಯಲ್ಲಿ ನಡೆಯುತ್ತದೆ. ನಮ್ಮಲ್ಲಿ ಪಕ್ಷದ ಗೆರೆ ಅಷ್ಟು ಗಟ್ಟಿಯಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಶೇ 36ರಷ್ಟು ಮತ ಪಡೆದ ಬಿಜೆಪಿ ಮರುವರ್ಷ ಲೋಕಸಭೆಗೆ ಶೇ 51ರಷ್ಟು ಮತ ಪಡೆದು 28ರಲ್ಲಿ 25 ಸ್ಥಾನ ಗೆದ್ದಿತು. 2023ರಲ್ಲಿ ಕಾಂಗ್ರೆಸ್ 135 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಬಂದಿತು, ಬಿಜೆಪಿ 66ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಬಿಜೆಪಿ ಮತ್ತು ಜೆಡಿಎಸ್ ಮೈತ್ರಿಕೂಟ 19 ಲೋಕಸಭಾ ಸ್ಥಾನ ಪಡೆದಾಗ ಕಾಂಗ್ರೆಸ್‌ಗೆ ದಕ್ಕಿದ್ದು ಒಂಬತ್ತು. ಇಷ್ಟೊಂದು ಮತದಾರರು ಸಂದರ್ಭ ನೋಡಿ ಪಕ್ಷ ಬದಲಿಸುವ ರಾಜ್ಯದಲ್ಲಿ ಜನರು ಪಕ್ಷಗಳಾಗಿ ಹೆಪ್ಪುಗಟ್ಟಿದ್ದಾರೆಂದು ಹೇಳಲಾಗದು. ಹಿರಿಯರು ಮತದಾರರ ವಿವೇಕದ ಬಗ್ಗೆ ಹೇಳಿದ್ದು ಈ ಅರ್ಥದಲ್ಲಿ ನಿಜ.

ನನ್ನ ಆತಂಕ ಇರುವುದು ಬೇರೆ ಕಡೆ. ಚುನಾವಣೆ ಮುಗಿದ ಮೇಲೆ ಮತದಾರ ಪಕ್ಷ ಬದಲಿಸಬಲ್ಲ, ಆದರೆ ಒಂದು ಸಮುದಾಯದ ಬಗ್ಗೆ ಮನಸ್ಸಿನಲ್ಲಿ ನಿಂತ ಚಿತ್ರ ಬದಲಾಗುವುದಿಲ್ಲ. 2024ರ ಮೇ ತಿಂಗಳ ಆರಂಭದಲ್ಲಿ ರಾಜ್ಯ ಬಿಜೆಪಿಯ ಎಕ್ಸ್ ಖಾತೆಯಲ್ಲಿ ಬಂದ ಆನಿಮೇಷನ್ ತುಣುಕನ್ನು ನೆನಪಿಸಿಕೊಳ್ಳಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳೆಂದು ಬರೆದ ಮೊಟ್ಟೆಗಳಿರುವ ಗೂಡಿಗೆ ಮುಸ್ಲಿಮರೆಂದು ಬರೆದ ಇನ್ನೊಂದು ಮೊಟ್ಟೆಯನ್ನು ತಂದಿಡುವ ಚಿತ್ರ ಅದು. ಮೀಸಲಾತಿ ನೀತಿ ಕುರಿತು ವಾದಿಸಲು ಎಲ್ಲ ಪಕ್ಷಗಳಿಗೂ ಹಕ್ಕಿದೆ. ಆದರೆ ಆ ಚಿತ್ರದಲ್ಲಿ ವಾದ ಇರಲಿಲ್ಲ. ಒಂದು ಇಡೀ ಸಮುದಾಯ, ಆ ಮೊಟ್ಟೆಯೊಡೆದು ಹೊರಬಂದು, ಟೋಪಿ ಹಾಕಿಕೊಂಡು ಇತರರ ಪಾಲನ್ನು ನುಂಗಿ ಅವರನ್ನು ಹೊರದೂಡುವ ಹಕ್ಕಿಯಾಗಿತ್ತು. ಚುನಾವಣಾ ಆಯೋಗ ಮೇ 7ರಂದು ಅದನ್ನು ತೆಗೆದುಹಾಕುವಂತೆ ಎಕ್ಸ್ ಸಂಸ್ಥೆಗೆ ಆದೇಶಿಸಿತು. ಅಂದು ರಾಜ್ಯದ ಎರಡನೇ ಹಂತದ ಮತದಾನ ನಡೆಯುತ್ತಿತ್ತು. ಇದು ಒಂದೇ ಪಕ್ಷದ ರೋಗ ಎಂದು ಯಾರೂ ಭಾವಿಸದಿರಲಿ. ಅದಕ್ಕೆ ಸ್ವಲ್ಪ ಮೊದಲು, ಮೀಸಲಾತಿ ಕುರಿತ ಅಮಿತ್ ಶಾ ಅವರ ಭಾಷಣವನ್ನು ತಿರುಚಿದ ವಿಡಿಯೊವನ್ನು ಕಾಂಗ್ರೆಸ್‌ನವರು ಹಂಚಿದ ಆರೋಪದ ಮೇಲೆ ಬಂಧನಗಳೂ ಆದವು. ಅವೆರಡರ ನಡುವೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎರಡನೆಯದನ್ನು ಮೂಲ ವಿಡಿಯೊದೊಂದಿಗೆ ಹೋಲಿಸಿ ಸುಳ್ಳೆಂದು ಸಾಬೀತುಪಡಿಸಬಹುದು. ಮೊದಲನೆಯದಕ್ಕೆ ಮೂಲವೇ ಇಲ್ಲ, ಚಿತ್ರಿಸಿದ ಹಕ್ಕಿಯನ್ನು ಸತ್ಯಾಸತ್ಯ ಪರಿಶೀಲನೆ ಏನು ಮಾಡೀತು?

ಇನ್ನು ಗೋಡೆ ಮತ್ತು ಫೋನಿನ ವಿಷಯ. ಪೇಸಿಎಂ ಪೋಸ್ಟರನ್ನು ಬೊಮ್ಮಾಯಿ ಅವರ ಬೆಂಬಲಿಗರೂ ನೋಡಿದರು, ಸಿಟ್ಟಾದರು, ಪೊಲೀಸರು ಬಂದರು, ಉತ್ತರವೂ ಬಂತು. ಚೊಂಬಿಗೆ ಅಕ್ಷಯಪಾತ್ರೆ ಎದುರಾಗಿ ನಿಂತದ್ದು ಇಬ್ಬರಿಗೂ ಒಂದೇ ಚೊಂಬು ಕಾಣಿಸಿದ್ದರಿಂದ. ಗೋಡೆಯ ಮುಂದೆ ಎಲ್ಲರೂ ಹಾದುಹೋಗುತ್ತಾರೆ. ಫೋನಿನಲ್ಲಿ ಮಾತ್ರ, ಯಾರನ್ನು ಕೆಟ್ಟದಾಗಿ ತೋರಿಸಲಾಗಿದೆಯೋ ಅವರ ಕಣ್ಣಿಗೆ ಆ ದೃಶ್ಯ ಬೀಳುವುದೇ ಅಪರೂಪ. ತನ್ನ ಬಗ್ಗೆ ಏನು ಓಡಾಡುತ್ತಿದೆ ಎಂಬುದು ಗೊತ್ತಿಲ್ಲದ ಮನುಷ್ಯ ಉತ್ತರ ಕೊಡುವುದಾದರೂ ಹೇಗೆ? ಮೇಡಂ ಅವರ ತರಗತಿಯಲ್ಲಿ ಎರಡು ಫೋನುಗಳು ಅಕ್ಕಪಕ್ಕ ಬಂದದ್ದೇ ಒಂದು ದೊಡ್ಡ ಸಂಗತಿ ಎಂದು ನಾನು ತಿಳಿಯುತ್ತೇನೆ.

ಉತ್ತರ: ವಸಂತನಗರದ ವಕೀಲ

ಕಾನೂನಿನ ಬಗ್ಗೆ ಯಾರೂ ಕೇಳಿಲ್ಲವಾದರೂ, ಕಾರ್ಯಾಗಾರದಲ್ಲಿ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. 125ನೇ ಕಲಂ ಚುನಾವಣೆಯ ಸಂಬಂಧದಲ್ಲಿ ವರ್ಗಗಳ ನಡುವೆ ದ್ವೇಷ ಹುಟ್ಟಿಸಿದರೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಆದ್ದರಿಂದ ಕಾನೂನು ಇಲ್ಲ ಎನ್ನುವಂತಿಲ್ಲ. ತೊಡಕು ಇರುವುದು ಅದು ಮಾತನ್ನು ಹಿಡಿಯುವಷ್ಟು ಸುಲಭವಾಗಿ ದೃಶ್ಯವನ್ನು ಹಿಡಿಯಲಾರದು ಎಂಬಲ್ಲಿ. ಯಾರೂ ಏನನ್ನೂ ಹೇಳದ, ಕೇವಲ ಮುಖ ಮತ್ತು ಗುಂಪನ್ನು ಜೋಡಿಸಿದ ವಿಡಿಯೊದಲ್ಲಿ ಅಪರಾಧದ ವಾಕ್ಯ ಯಾವುದೆಂದು ದೂರಿನಲ್ಲಿ ಬರೆಯಲು ಕೂತರೆ ಕಷ್ಟವಾಗುತ್ತದೆ. ಎಡಿಟರ್ ಅವರ ಗ್ರಾಹಕರು ಅದನ್ನು ಸರಿಯಾಗಿಯೇ ಗ್ರಹಿಸಿದ್ದಾರೆ.

ಸಾಮಾಜಿಕ ಜಾಲತಾಣದ ರಾಜಕೀಯ ಜಾಹೀರಾತುಗಳಿಗೂ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕೆಂದು ಆಯೋಗ 2013ರ ಅಕ್ಟೋಬರ್‌ನಲ್ಲೇ ಹೇಳಿದೆ, ಅದರ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕು. ಆದರೆ ಯಾರೋ ಅಭಿಮಾನಿ ತನ್ನ ಖಾತೆಯಲ್ಲಿ ಹಾಕಿದ ವಿಡಿಯೊ ಜಾಹೀರಾತು ಎನಿಸಿಕೊಳ್ಳುವುದಿಲ್ಲ, ಅದಕ್ಕೆ ಅನುಮತಿ ಬೇಡ. ತಿರುಚಿದ ವಿಡಿಯೊ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಪಕ್ಷಗಳು ಅದನ್ನು ತೆಗೆಯಬೇಕೆಂದು 2024ರ ಮೇ 6ರಂದು ಆಯೋಗ ಸೂಚಿಸಿತು. ಅದೂ ಪಕ್ಷಗಳ ಖಾತೆಗಳಿಗೆ. ಜನರು ದೂರು ಕೊಡಲೆಂದು ಆಯೋಗ ರೂಪಿಸಿದ ಸಿ ವಿಜಿಲ್ ಆ್ಯಪ್ ನೂರು ನಿಮಿಷದಲ್ಲಿ ಕ್ರಮದ ಭರವಸೆ ಕೊಡುತ್ತದೆ. ಆದರೆ ಸ್ಥಳದಲ್ಲೇ ಆ್ಯಪ್ ಮೂಲಕ ತೆಗೆದ ಚಿತ್ರಕ್ಕಾಗಿ ಅದನ್ನು ರೂಪಿಸಲಾಗಿದೆ: ಹಂಚಿದ ಸೀರೆ, ಕುಕ್ಕರ್, ಹಣಕ್ಕೆ ಅದು ಸರಿ, ಫೋನಿನೊಳಗೆ ಓಡಾಡುವ ದೃಶ್ಯಕ್ಕೆ ಸ್ಥಳ ಯಾವುದು?

126ನೇ ಕಲಮಿನ 48 ಗಂಟೆಗಳ ಮೌನಾವಧಿಯನ್ನೂ ನೋಡಿ. 2024ರಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 26ರಂದು. ಅದಕ್ಕೆ ಮುಂಚಿನ ಎರಡು ದಿನ ಇಲ್ಲಿ ಮೈಕುಗಳು ನಿಂತಿದ್ದವು, ಆದರೆ ಮೇ 7ಕ್ಕೆ ಮತದಾನವಿದ್ದ ಉತ್ತರದ ಜಿಲ್ಲೆಗಳಲ್ಲಿ ಪ್ರಚಾರ ಭರದಿಂದ ಸಾಗಿತ್ತು. ಅಲ್ಲಿನ ಸಭೆಯ ತುಣುಕು ಇಲ್ಲಿನ ಮತದಾರರ ಕೈಗೆ ಬರಲು ಒಂದು ನಿಮಿಷವೂ ಬೇಡ. ಭೂಪಟದ ಮೇಲೆ ಗೆರೆ ಎಳೆದು ಮೌನ ಪಾಲಿಸುವ ನಿಯಮಕ್ಕೆ ಇದನ್ನು ತಡೆಯುವ ಶಕ್ತಿ ಇಲ್ಲ.

ಕಠಿಣ ಕ್ರಮದ ಅಪಾಯವೂ ನೆನಪಿರಲಿ. ರೊಮೇನಿಯಾದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ, ಟಿಕ್‌ಟಾಕ್ ಬಲದಿಂದ ಅನಿರೀಕ್ಷಿತವಾಗಿ ಮುಂದೆ ಬಂದ ಕೆಲಿನ್ ಜಾರ್ಜೆಸ್ಕು ಮೊದಲ ಸ್ಥಾನ ಪಡೆದಾಗ, ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2024ರ ಡಿಸೆಂಬರ್ 6ರಂದು ಇಡೀ ಚುನಾವಣೆಯನ್ನೇ ರದ್ದುಮಾಡಿತು. ಲಕ್ಷಾಂತರ ಜನ ಹಾಕಿದ ಮತವನ್ನು ಅಳಿಸುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ರೀಲ್ಸ್‌ನ ಪ್ರಶ್ನೆಗಿಂತ ಸಣ್ಣದಲ್ಲ. ವೈಯಕ್ತಿಕವಾಗಿ ನಾನು ಅಂಥ ಅಧಿಕಾರವನ್ನು ಇಷ್ಟಪಡುವುದಿಲ್ಲ.

ಮತ್ತೆ: ಜಯನಗರದ ಅಧ್ಯಾಪಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಂಶೋಧಕಿಯವರ ಮಾತಿನಿಂದ ಕಾರ್ಯಾಗಾರದ ದಿಕ್ಕು ಬದಲಾಯಿತು. ಸುಳ್ಳು ಸುದ್ದಿ ಗುರುತಿಸುವ ಪಾಠದ ಬದಲು, ನಮ್ಮ ನೆರೆಯವರನ್ನು ಯಾವ ಚಿತ್ರವಾಗಿ ನಮಗೆ ತೋರಿಸಲಾಗುತ್ತಿದೆ ಎಂಬುದನ್ನು ನೋಡುವ ಪಾಠ ಬೇಕು. ವಿದ್ಯಾರ್ಥಿಗಳಿಂದಲೇ ವಿಡಿಯೊ ಕತ್ತರಿಸಿ ನೋಡಿಸಬೇಕೆಂದಿದ್ದೇನೆ. ಆದರೆ ಯಾವ ಭಾಷಣ ಕೊಟ್ಟರೂ ಯಾರಿಗಾದರೂ ನೋವಾಗುತ್ತದೆ. ಎಡಿಟರ್ ಅವರು ಇದಕ್ಕೆ ಏನಾದರೂ ದಾರಿ ತೋರಿಸಬಹುದೇ?

ಉತ್ತರ: ರಾಜಾಜಿನಗರದ ಎಡಿಟರ್

ಮೇಡಂ, ಚುನಾವಣಾ ಸಭೆಯ ವಿಡಿಯೊ ಬೇಡ. ವಿಧಾನಸಭೆಯ ಕಲಾಪದ ನೇರಪ್ರಸಾರ ಯೂಟ್ಯೂಬ್‌ನಲ್ಲಿ ಪೂರ್ತಿಯಾಗಿ ಸಿಗುತ್ತದೆ. ಅದರಲ್ಲಿ ಕೆರೆ, ಕಸ, ಬಸ್ಸಿನಂಥ ವಿಷಯದ ಮೇಲೆ ಇಬ್ಬರು ಶಾಸಕರು ವಾದಿಸಿರುವ ಹತ್ತು ನಿಮಿಷವನ್ನು ಆರಿಸಿಕೊಳ್ಳಿ. ಧರ್ಮ, ಜಾತಿಯ ಮಾತು ಅದರಲ್ಲಿ ಇರಬಾರದು. ವಿದ್ಯಾರ್ಥಿಗಳನ್ನು ಮೂರು ತಂಡ ಮಾಡಿ. ಮೊದಲ ಎರಡು ತಂಡಗಳಿಗೆ ಅದೇ ಹತ್ತು ನಿಮಿಷ ಕೊಟ್ಟು, 30 ಸೆಕೆಂಡಿನ ಉದ್ದ ಚೌಕಟ್ಟಿನ ವಿಡಿಯೊ ಮಾಡಲು ಹೇಳಿ. ಒಂದು ತಂಡಕ್ಕೆ ಮೊದಲ ಶಾಸಕರು ಒಳ್ಳೆಯವರಾಗಿ ಕಾಣಬೇಕು, ಇನ್ನೊಂದಕ್ಕೆ ಎರಡನೆಯವರು. ಷರತ್ತು ಒಂದೇ: ಧ್ವನಿಯ ತುಣುಕು ಎರಡೂ ತಂಡಕ್ಕೆ ಒಂದೇ ಆಗಿರಬೇಕು, ಅದನ್ನು ನೀವೇ ಮೊದಲು ಕತ್ತರಿಸಿ ಕೊಡಿ. ಅವರು ಬದಲಿಸಬಹುದಾದದ್ದು ಚೌಕಟ್ಟು, ನಿಲ್ಲಿಸುವ ಕ್ಷಣ, ಬಣ್ಣ ಮತ್ತು ಪಕ್ಕದ ಶಾಟ್ ಮಾತ್ರ. ಕೈನ್‌ಮಾಸ್ಟರ್ ಎಂಬ ಎಡಿಟಿಂಗ್ ಆ್ಯಪ್ ಇದ್ದರೆ ಫೋನಿನಲ್ಲೇ ಆಗುತ್ತದೆ, ಹುಡುಗರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮೂರನೇ ತಂಡವನ್ನು ಅಷ್ಟು ಹೊತ್ತು ಬೇರೆ ಕೊಠಡಿಯಲ್ಲಿ ಇರಿಸಿ. ಅರ್ಧ ಜನರಿಗೆ ಒಂದು ವಿಡಿಯೊ, ಉಳಿದರ್ಧಕ್ಕೆ ಇನ್ನೊಂದು, ಅವರವರ ಫೋನಿಗೆ ಕಳುಹಿಸಿ. ನೋಡಿದ ಮೇಲೆ ಇಬ್ಬರು ಶಾಸಕರ ಬಗ್ಗೆ ಎರಡೆರಡು ಸಾಲು ಬರೆಸಿಕೊಳ್ಳಿ. ಆಮೇಲೆ ಎಲ್ಲರನ್ನೂ ಒಂದೇ ಕೊಠಡಿಗೆ ಕರೆದು ಹತ್ತು ನಿಮಿಷದ ಪೂರ್ತಿ ದೃಶ್ಯವನ್ನು ದೊಡ್ಡ ಪರದೆಯಲ್ಲಿ, ಅಡ್ಡ ಚೌಕಟ್ಟಿನಲ್ಲೇ ಹಾಕಿ. ಕಲಾಪದ ಕ್ಯಾಮೆರಾ ಆಗಾಗ ಹಿಂದಕ್ಕೆ ಸರಿದು ಇಡೀ ಸದನವನ್ನು ತೋರಿಸುತ್ತದೆ, ಆರಿಸುವಾಗ ಅಂಥ ಒಂದು ಭಾಗ ಇರುವಂತೆ ನೋಡಿಕೊಳ್ಳಿ. ನಿಮಗೆ ಒಪ್ಪಿಗೆಯಾದರೆ ಶನಿವಾರ ಮಧ್ಯಾಹ್ನ ನಾನೇ ಬಂದು ಮೊದಲ ಎರಡು ತಂಡಗಳಿಗೆ ಕೆಲಸ ತೋರಿಸಿಕೊಡುತ್ತೇನೆ. ಕಾಲೇಜಿನ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಕೇಬಲ್ ಇದೆಯೇ ಎಂದು ತಿಳಿಸಿ, ಇಲ್ಲದಿದ್ದರೆ ಸ್ಟುಡಿಯೊದಿಂದ ತರುತ್ತೇನೆ.